ಡೇರೆಯೊಳಗೆ ಬಂದು ಮಲಗಿದವನು

ನನ್ನ ಗಂಡನ ಎಡಗೈ ಇವತ್ತಿಗೂ ಭುಜದಿಂದ ಮೇಲೆ ಏಳುವುದಿಲ್ಲ. ಕೇಳಿದವರಿಗೆಲ್ಲ ಅವರು ಜೀಪಿನಿಂದ ಬಿದ್ದೆ ಎನ್ನುತ್ತಾರೆ. ಅದು ಸುಳ್ಳು. ಆ ಕೈ ಹೇಗೆ ಮುರಿಯಿತು ಎಂಬುದನ್ನು ಕಣ್ಣಾರೆ ಕಂಡವಳು ನಾನು. ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಇಲ್ಲಿ ಬರೆದಿರುವುದಕ್ಕೆ ನಾನು ಒಂದು ಮಾತನ್ನೂ ಕೂಡಿಸಿಲ್ಲ...

ಆಗ ನಾವು ಸುರಪುರದಲ್ಲಿದ್ದೆವು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಾಲುವೆ ಬಂದು ಕೆಲವೇ ವರ್ಷಗಳಾಗಿದ್ದವು. ಮೊದಲೆಲ್ಲ ಬೇಸಿಗೆಯಲ್ಲಿ ಬಿರುಕು ಬಿಡುತ್ತಿದ್ದ ಕೆರೆಗಳಲ್ಲೂ ನೀರು ನಿಲ್ಲತೊಡಗಿತ್ತು. ನನ್ನ ಮೈದುನ ಮಲ್ಲು ಕಾಲುವೆ ಗುತ್ತಿಗೆದಾರರೊಬ್ಬರ ಜೀಪು ಓಡಿಸುತ್ತಿದ್ದ. ಇನ್ನೂ ಮದುವೆಯಾಗಿರಲಿಲ್ಲ. ನನ್ನ ಮಗಳು ಗೌರಿ ಎಂದರೆ ಅವನಿಗೆ ಪ್ರಾಣ.

ಗೌರಿ ಆಗ ಒಂದನೇ ಇಯತ್ತೆ. ಕಾಲುವೆ ಕೆಲಸದವರ ಡೇರೆಗಳನ್ನು ನೋಡಿದಾಗಿನಿಂದ ಅವಳದು ಒಂದೇ ಹಟ. "ಕಾಕಾ, ನಾವೂ ಒಂದಿನ ಡೇರೇದಾಗ ಮಲಗೂಣು."

ಬೇಸಿಗೆ ರಜೆಯಲ್ಲಿ ಕೊಡೇಕಲ್‌ಗೆ ಹೋಗಿ, ದೇವರ ದರ್ಶನ ಮುಗಿಸಿ ಮರಳುವಾಗ ಮಲ್ಲು ಜೀಪನ್ನು ಒಂದು ಕೆರೆಯ ಏರಿಯ ಮೇಲೆ ನಿಲ್ಲಿಸಿದ. ಹಿಂದಿನ ಸೀಟಿನ ಕೆಳಗಿನಿಂದ ಹಳೆಯ ಡೇರೆಯೊಂದನ್ನು ಎಳೆದ. ಗೌರಿ ಕುಣಿದಾಡಿಬಿಟ್ಟಳು. ನನ್ನ ಗಂಡ ನಕ್ಕರು. ನಾನೂ ಬೇಡ ಎನ್ನಲಿಲ್ಲ.

ಏರಿ ಇಳಿದು, ನೀರಿಗೆ ಸ್ವಲ್ಪ ದೂರದಲ್ಲಿ ಡೇರೆ ಹೊಡೆದೆವು. ಹೊರಗೆ ಮೂರು ಕಲ್ಲಿಟ್ಟು ಒಲೆ ಹೂಡಿ ಚಹಾ ಕಾಸಿದೆ. ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ನೀರಿನ ಮೇಲಿಂದ ತಂಪು ಗಾಳಿ. ಸುತ್ತ ಒಂದು ಮನೆಯಿಲ್ಲ, ಒಂದು ದೀಪವಿಲ್ಲ. ಅಂಥ ಚೆಂದದ ಸಂಜೆಯನ್ನು ನಾನು ಹೆಚ್ಚು ಕಂಡಿಲ್ಲ ಎಂದೇ ಅನ್ನಿಸಿತ್ತು.

ಮಲಗುವಾಗ ನನ್ನ ಗಂಡ ಒಳತುದಿಗೆ, ಅವರ ಪಕ್ಕ ನಾನು, ನನ್ನ ಪಕ್ಕ ಗೌರಿ, ಬಾಗಿಲ ಬಳಿ ಮಲ್ಲು. ಕಂದೀಲು ಆರಿಸಿದೆವು.

ಎಷ್ಟು ಹೊತ್ತಾಗಿತ್ತೋ... ಒಂದು ಸದ್ದಿಗೆ ಎಚ್ಚರವಾಯಿತು.

ಥಪ್... ಥಪ್... ಥಪ್...

ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿಯುವ ಸದ್ದು. ಮಲ್ಲು ಆಗಲೇ ಎದ್ದು ಕೂತಿದ್ದ.

"ಯಾರೋ ಅರಬಿ ಒಗ್ಯಾಕತ್ತಾರ ವೈನಿ," ಎಂದು ಪಿಸುಗುಟ್ಟಿದ.

"ಇಂಥಾ ಹೊತ್ತಿನ್ಯಾಗ? ಸುಮ್ನ ಮಲಕೊ."

"ನೋಡ್ಕೊಂಡ ಬರ್ತೀನ್ರಿ. ಯಾರರೆ ಹೆಣ್ಮಗಳು ಕಷ್ಟದಾಗ ಇದ್ದಿರಬೇಕು."

ಟಾರ್ಚು ಹಿಡಿದು ಹೊರಟ. ಅವನ ಹೆಜ್ಜೆಯ ಸದ್ದು ಏರಿಯ ಕಡೆಗೆ ದೂರವಾಯಿತು. ಸ್ವಲ್ಪ ಹೊತ್ತಿಗೆ ಬಡಿಯುವ ಸದ್ದೂ ನಿಂತಿತು. ಕಪ್ಪೆಗಳೂ ಸುಮ್ಮನಾದವು.

ಆಮೇಲೆ ಡೇರೆಯ ಬಾಗಿಲ ಬಟ್ಟೆ ಸರಿಯಿತು. ಕತ್ತಲಲ್ಲಿ ಆಕಾರವಷ್ಟೇ ಕಂಡಿತು. ಒಳಗೆ ಬಂದು ತನ್ನ ಜಾಗದಲ್ಲಿ ಮಲಗಿಕೊಂಡ.

"ಯಾರಿದ್ರು ಮಲ್ಲು?"

"ಹೂಂ," ಎಂದಷ್ಟೇ ಬಂತು.

ನಿದ್ದೆಗಣ್ಣಿನಲ್ಲಿದ್ದೆ, ಮತ್ತೆ ಕೇಳಲಿಲ್ಲ. ಆದರೆ ಡೇರೆಯ ತುಂಬ ಒಂದು ವಾಸನೆ ಹಬ್ಬಿತು. ಕೊಳೆತ ಪಾಚಿ, ಸತ್ತ ಮೀನು, ಕೆರೆಯ ತಳದ ಕರಿ ಕೆಸರು... ಎಲ್ಲ ಕಲಸಿದಂಥ ವಾಸನೆ. ನೀರಿಗಿಳಿದಿದ್ದನೇನೋ ಅಂದುಕೊಂಡೆ.

ಗೌರಿ ನಿದ್ದೆಯಲ್ಲೇ ಗೊಣಗಿದಳು. "ಕಾಕಾ, ಕೈ ತೆಗಿ... ಥಂಡಿ ಹತ್ತಾಕತ್ತದ."

ಅದೇ ಹೊತ್ತಿಗೆ ಹೊರಗೆ, ಏರಿಯ ಮೇಲಿನಿಂದ ಮಲ್ಲುವಿನ ದನಿ ಕೇಳಿಸಿತು.

"ವೈನೀ... ಕಂದೀಲ ಹಚ್ರಿ! ಇಲ್ಲಿ ಯಾರೂ ಇಲ್ರಿ. ಟಾರ್ಚ್ ಇದ್ರೂ ನನಗ ದಾರಿ ತಿಳೀವಲ್ದು!"

ಮಲ್ಲು ಹೊರಗಿದ್ದಾನೆ. ಹಾಗಾದರೆ ನನ್ನ ಮಗಳ ಮೇಲೆ ಕೈ ಹಾಕಿ ಮಲಗಿರುವುದು...

ನಾನು ಗೌರಿಯನ್ನು ಎಳೆದುಕೊಳ್ಳುವ ಮೊದಲೇ ಅದು ಎಳೆಯಿತು. ಎದ್ದು ನಿಲ್ಲಲಿಲ್ಲ, ಮಲಗಿದಂತೆಯೇ ಹಿಂದಕ್ಕೆ ಸರಿಯಿತು. ಗೌರಿಯ ಕಾಲು ಅದರ ಮುಷ್ಟಿಯಲ್ಲಿತ್ತು. ಡೇರೆಯ ಬಟ್ಟೆ ಪರ್ರನೆ ಹರಿಯಿತು. ನಡುವಿನ ಕಂಬ ಮುರಿದು ನನ್ನ ತಲೆಯ ಮೇಲೆ ಬಿತ್ತು.

"ಅವ್ವಾ!"

"ಏನ್ರೀ, ಏಳ್ರಿ! ಕೂಸಿನ್ನ ಎಳಕೊಂಡ ಹೊಂಟದ!"

ನನ್ನ ಗಂಡ ಎದ್ದವರೇ ಮುರಿದ ಕಂಬವನ್ನು ಹಿಡಿದು ಹೊರಗೆ ಹಾರಿದರು. ಅದರ ಬೆನ್ನಿನ ಮೇಲೆ ಬಾರಿಸಿದರು. ಒಮ್ಮೆ, ಎರಡು ಸಲ, ಮತ್ತೆ ಮತ್ತೆ. ನೆನೆದ ಗೋಣಿಚೀಲಕ್ಕೆ ಹೊಡೆದಂತೆ ಸದ್ದು. ಅದು ತಿರುಗಿಯೂ ನೋಡಲಿಲ್ಲ. ಖಾಲಿ ಕೈಯನ್ನು ಹಿಂದಕ್ಕೆ ಚಾಚಿ ಅವರ ಎಡಗೈಯನ್ನು ಹಿಡಿದು ತಿರುವಿತು. ಒಣಗಿದ ಜೋಳದ ದಂಟು ಮುರಿದ ಹಾಗೆ ಲಟಕ್ಕೆಂದಿತು. ಅವರನ್ನು ಎತ್ತಿ ಒಲೆಯ ಕಲ್ಲುಗಳ ಮೇಲೆ ಒಗೆಯಿತು. ಅವರು ಚೀರಿದ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಗೌರಿಯ ತಲೆ ಕಲ್ಲುಗಳಿಗೆ ಬಡಿಯುತ್ತ ಹೋಗುತ್ತಿತ್ತು. ನಾನು ಹಿಂದೆಯೇ ಹಾರಿ ಅವಳ ರಟ್ಟೆ ಹಿಡಿದವಳು ಬಿಡಲಿಲ್ಲ. ಮೊಳಕಾಲಿನ ಚರ್ಮ ಕಿತ್ತುಹೋಯಿತು. ನೀರು ಬಂತು. ಸೊಂಟದವರೆಗೆ ಬಂತು. ಗೌರಿ ಮುಳುಗಿದಳು.

ಆಗ ನೀರಿನಾಚೆ ಬಾಗಿದ್ದ ಏರಿಯ ಮೇಲಿನಿಂದ, ಅದರ ಎದುರಿನಿಂದ, ಟಾರ್ಚಿನ ಬೆಳಕು ನಮ್ಮ ಮೇಲೆ ಬಿತ್ತು. ನನಗೆ ಅದರ ಬೆನ್ನಷ್ಟೇ ಕಂಡಿತು. ಮೈಮೇಲೆ ಮಲ್ಲು ಅವತ್ತು ತೊಟ್ಟಿದ್ದಂಥದೇ ಚೌಕಡಿಯ ಅಂಗಿ ಇತ್ತು.

ನಾನು ಬಗ್ಗಿ ಅದರ ಮಣಿಕಟ್ಟಿಗೆ ಬಾಯಿ ಹಾಕಿದೆ. ಹಲ್ಲು ಒಳಗಿಳಿಯುವವರೆಗೆ ಕಚ್ಚಿದೆ. ಬಾಯಿಗೆ ರಕ್ತ ಬರಲಿಲ್ಲ. ಕೆಸರು ಬಂತು.

"ಯವ್ವಾ, ಸತ್ತೆ!"

ಆ ಚೀರು ಏರಿಯ ಮೇಲಿನಿಂದ ಬಂದಿತ್ತು. ಟಾರ್ಚು ಕೆಳಗುರುಳಿತು. ನನ್ನ ಬಾಯಲ್ಲಿದ್ದ ಕೈ ಸಡಿಲಾಯಿತು... ಆಮೇಲೆ ಇರಲೇ ಇಲ್ಲ.

ಗೌರಿಯನ್ನು ಹೆಗಲಿಗೆ ಹಾಕಿಕೊಂಡು ಓಡಿದೆ. ಬೆನ್ನು ತಟ್ಟಿದಾಗ ನೀರು ಕಾರಿದಳು, ಉಸಿರಾಡಿದಳು. ಡೇರೆ, ಪಾತ್ರೆ ಎಲ್ಲ ಅಲ್ಲೇ ಬಿಟ್ಟೆವು. ಮಲ್ಲು ಬಲಗೈಗೆ ಟವೆಲ್ ಸುತ್ತಿಕೊಂಡು, ಒಂದೇ ಕೈಯಲ್ಲಿ ಜೀಪು ಓಡಿಸಿದ.

ಬೆಳಗಾಗುವಾಗ ಶಹಾಪುರದ ಆಸ್ಪತ್ರೆಯಲ್ಲಿದ್ದೆವು. ನನ್ನ ಗಂಡನ ಕೈಗೆ ಪಟ್ಟಿ ಕಟ್ಟಿದರು, ಗೌರಿಯ ತಲೆಗೆ ಹೊಲಿಗೆ ಹಾಕಿದರು. ಕೊನೆಗೆ ನರ್ಸಮ್ಮ ಮಲ್ಲುವಿನ ಟವೆಲ್ ಬಿಚ್ಚಿದಳು. ಮಣಿಕಟ್ಟಿನಲ್ಲಿ ಹಲ್ಲಿನ ಗುರುತು. ನನ್ನ ಮುಂದಿನ ಹಲ್ಲೊಂದು ಅಡ್ಡವಾಗಿದೆ. ಗಾಯದಲ್ಲೂ ಒಂದು ಹಲ್ಲು ಅಡ್ಡವೇ ಇಳಿದಿತ್ತು.

"ನಾಯಿ ಕಡೀತೇನ್ರಿ?" ಎಂದು ಕೇಳಿದಳು.

ಮಲ್ಲು ನನ್ನ ಮುಖ ನೋಡಿ ಹೇಳಿದ, "ಹೌದ್ರಿ."

ಹೊರಗೆ ಬೆಂಚಿನ ಮೇಲೆ ಕೂತಾಗ ಮೆಲ್ಲಗೆ ಕೇಳಿದ. "ವೈನಿ, ನಿಮಗ ಅದರ ಮಾರಿ ಕಾಣ್ತೇನ್ರಿ?"

"ಇಲ್ಲಪ್ಪ, ಬೆನ್ನಷ್ಟ."

"ನನಗ ಕಾಣ್ತು."

"ಯಾರದು ಮಲ್ಲು?"

ಅವನು ತಲೆ ಅಲ್ಲಾಡಿಸಿದ. ಅವತ್ತೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.

ಈಗ ಅವನಿಗೆ ದೋರನಹಳ್ಳಿಯಲ್ಲಿ ಮನೆಯಿದೆ, ಹೆಂಡತಿ ಮಕ್ಕಳಿದ್ದಾರೆ. ಗೌರಿಗೆ ಆ ರಾತ್ರಿಯ ನೆನಪೇ ಇಲ್ಲ. ಕಾಕಾ ಬಂದರೆ ಅವಳಿಗೆ ಹಬ್ಬ. ಅವಳ ಮಗ ಅವನ ಮಗ್ಗುಲಲ್ಲೇ ಮಲಗುತ್ತೇನೆಂದು ಹಟ ಹಿಡಿಯುತ್ತಾನೆ. ಅಂಥ ರಾತ್ರಿ ನಾನು ದೀಪ ಆರಿಸಲು ಬಿಡುವುದಿಲ್ಲ. ಗೋಡೆಗೊರಗಿ ಕೂತೇ ಇರುತ್ತೇನೆ. ಮಲ್ಲುವೂ ಕಣ್ಣು ಮುಚ್ಚುವುದಿಲ್ಲ.

"ನೀವು ಮಲಕೋರಿ ವೈನಿ," ಎನ್ನುತ್ತಾನೆ ಮೆತ್ತಗೆ, "ನಾ ಎಚ್ಚರ ಅದೀನಿ."

ಆ ರಾತ್ರಿಯೂ ಅವನು ಎಚ್ಚರವೇ ಇದ್ದ. ಅವನು ಹಾಗೆ ಅಂದ ಮೇಲೆ ನನಗೆ ನಿದ್ದೆ ಹತ್ತುವುದೇ ಇಲ್ಲ...