ಕ್ಯಾರೆಟ್ ತೊಳೆಯುವವಳಿಗೆ ಬೇಕಾದ ಸಾಕ್ಷಿ

ಊಟಿ ಹತ್ತಿರದ ತುಮ್ಮನಟ್ಟಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕ್ಯಾರೆಟ್ ತೊಳೆಯುವ ಯಂತ್ರದ ಪೀಪಾಯಿ ಗಡಗಡ ತಿರುಗುತ್ತಿದೆ. ಅದರ ಮುಂದೆ ಶಿವರಂಜನಿ. ಮೊಣಕಾಲಿನವರೆಗೆ ಕೆಸರು, ತಣ್ಣೀರಿಗೆ ಬಿರಿದ ಬೆರಳು. ಮಣ್ಣು ಹೋದ ಕೂಡಲೇ ಪೀಪಾಯಿ ನಿಲ್ಲಿಸಬೇಕು. ಹೆಚ್ಚು ತಿರುಗಿದರೆ ಸಿಪ್ಪೆ ತರಚಿ, ಮಾರ್ಕೆಟ್ ಮುಟ್ಟುವಷ್ಟರಲ್ಲಿ ಕಪ್ಪಾಗುತ್ತದೆ.

"ರಂಜನೀ, ಇಲ್ಲಿದ್ದೀಯೋ ಕೇರಳಕ್ಕೆ ಹೋದ್ಯೋ?" ಮೇಸ್ತ್ರಿ ಮಾದ ಕೂಗುತ್ತಾನೆ.

"ಇಲ್ಲೇ ಇದ್ದೀನಿ ಅಣ್ಣ, ಬುದ್ಧಿ ಮಾತ್ರ ಹೋಗಿತ್ತು!"

ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ. ಟೀ ಹೊತ್ತಿಗೆ ಮಾತ್ರ ಒಬ್ಬಳೇ ದೂರದ ಕಲ್ಲಿನ ಮೇಲೆ ಕೂರುತ್ತಾಳೆ.

ಅವಳ ಶಾಲೆ ಐದನೇ ಕ್ಲಾಸಿಗೇ ಮುಗಿಯಿತು. ಬೆಂಚಿನಲ್ಲಿ ಕೂರದ ಹುಡುಗಿಯನ್ನು ಬಿಸಿಲಲ್ಲಿ ನಿಲ್ಲಿಸಿದವರಿದ್ದರು, ತಾಯತ ಕಟ್ಟಿದವರಿದ್ದರು. ಯಾಕೆ ಹೀಗೆ ಎಂದು ಕೇಳಿದವರು ಒಬ್ಬರೂ ಇಲ್ಲ. ಒಲೆ ಮೇಲಿಟ್ಟ ಹಾಲನ್ನು ಮರೆತು ದಿನಾ ಉಕ್ಕಿಸುವವಳೆಂದು ಗಂಡ ಬಿಟ್ಟುಹೋದ. ಫಳಫಳ ಹೊಳೆಯುವ ಊಟಿ ಕ್ಯಾರೆಟ್ಟನ್ನು ಮುರಿದು ತಿನ್ನುವವರಿಗೆ ಇದೆಲ್ಲ ಯಾಕೆ ಬೇಕು!

ಈ ವರ್ಷ ತಾನಾಗಿಯೇ ಊಟಿಯ ಮನೋರೋಗದ ಡಾಕ್ಟರಮ್ಮನ ಬಳಿ ಹೋದಳು. ಅವರಿಗೆ ಅನುಮಾನ ಬಂದದ್ದು ಗಮನ ನಿಲ್ಲದ, ಮೈಮನಸ್ಸು ಚಡಪಡಿಸುವ ಎಡಿಎಚ್‌ಡಿ ಮೇಲೆ; ಅದು ರಕ್ತ ಪರೀಕ್ಷೆಯಲ್ಲಿ ಸಿಗುವಂಥದ್ದಲ್ಲ. ನಿದ್ದೆ, ಥೈರಾಯ್ಡ್, ಮನಸ್ಸಿನ ಬೇಸರ ಎಲ್ಲವನ್ನೂ ಡಾಕ್ಟರಮ್ಮ ವಿಚಾರಿಸಿದರು. ಮನೆಯಲ್ಲೂ ಕೆಲಸದಲ್ಲೂ ಹೀಗೇ ಆಗುತ್ತದೆಯೇ ಎಂದು ಕೆದಕಿದರು. ಕೊನೆಗೆ, "ಇದು ಚಿಕ್ಕಂದಿನಿಂದ್ಲೇ ಇರ್ಬೇಕು. ನಿಮಗೆ ಹನ್ನೆರಡು ವರ್ಷ ತುಂಬೋಕೆ ಮುಂಚೆ ಹೇಗಿದ್ರಿ? ನೋಡಿದೋರು ಇದ್ರೆ ಕರ್ಕೊಂಡು ಬನ್ನಿ" ಎಂದರು.

ಅಪ್ಪ ಅವ್ವ ಇಲ್ಲ. ಉಳಿದವಳು ಗೂಡಲೂರಿನ ಅಕ್ಕ ಶೋಭಾರಾಣಿ. ಅವ್ವ ತೀರಿಕೊಂಡಾಗ ಹಾಲು-ತುಪ್ಪ ಬಿಡುವ ದಿನವನ್ನು ತಂಗಿ ಮರೆತು ಮಾರನೆಯ ದಿನ ಬಂದಳೆಂದು ಆಕೆ ಮಾತು ಬಿಟ್ಟಿದ್ದಳು. ಶಿವರಂಜನಿ ಪಕ್ಕದ ಮನೆಯವರ ಕೈಲಿ ಫೋನ್ ಮಾಡಿಸಿದಳು.

ಅಕ್ಕ ಬಂದಳು. ಬೈಯಲೆಂದೇ ಬಂದಳು.

"ಕೇಳಿ ಮೇಡಂ, ನೀರಿಗೆ ಕಳಿಸಿದ್ರೆ ಕೊಡ ಅಲ್ಲೇ ಬಿಟ್ಟು ಕಾಡುಕೋಳಿ ಹಿಂದೆ ಓಡೋಳು. ಉಣ್ಣೋಕೆ ಕೂತ್ರೆ ಅರ್ಧಕ್ಕೇ ಎದ್ದೋಗೋಳು. ಇವಳ ಚಪ್ಪಲಿ ಹುಡುಕಿ ಹುಡುಕಿ ತಡವಾಗಿ, ನಂಗೂ ದಿನಾ ಸ್ಕೂಲಲ್ಲಿ ಏಟು!"

ಡಾಕ್ಟರಮ್ಮ ತಡೆಯಲಿಲ್ಲ. ಆಗ ವಯಸ್ಸೆಷ್ಟು, ಶಾಲೆಯಲ್ಲೂ ಹೀಗೇನಾ ಎಂದಷ್ಟೇ ಕೇಳಿದರು. ಬೈಗುಳವೆಲ್ಲ ಸಾಕ್ಷಿಯಾಯಿತು. ಅಕ್ಕ ಒಂದು ಲೋಟ ಟೀಗೂ ನಿಲ್ಲದೆ ಗೂಡಲೂರು ಬಸ್ ಹತ್ತಿದಳು.

ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮ, ಇದು ಎಡಿಎಚ್‌ಡಿಯೇ, ಸೋಮಾರಿತನ ಅಲ್ಲ ಎಂದರು. ಅದನ್ನು ಹೇಳಲು ಶಿವರಂಜನಿ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಎತ್ತಲಿಲ್ಲ.

ಮಂಜು ಕರಗುತ್ತಿದೆ. ಶಿವರಂಜನಿ ಪೀಪಾಯಿ ನಿಲ್ಲಿಸಿ ಕ್ಯಾರೆಟ್ ಸುರಿಯುತ್ತಾಳೆ, ಒಂದೂ ತರಚಿಲ್ಲ.

"ಅಕ್ಕ ಮಾತಾಡ್ದಿದ್ರೆ ಇರ್ಲಿ ಬಿಡಿ," ಎನ್ನುತ್ತಾಳೆ ಮಾದನಿಗೆ, ಕೈ ಒರೆಸಿಕೊಳ್ಳುತ್ತಾ. "ನಾನು ಎಲ್ಲಾನೂ ಮರೀತೀನಿ. ಅವಳು ನಂದು ಒಂದನ್ನೂ ಮರೆತಿಲ್ಲ, ನೋಡಿ."