ಒದ್ದು ನೋಡಿದ ಹಲಗೆ

ಮೂಡಲಗಿಯಲ್ಲಿ ನನ್ನದು ಬಾಗಿಲು ಮಾಡುವ ಅಂಗಡಿ. ಗೋಕಾಕ, ಹುಕ್ಕೇರಿ ಕಡೆಯಿಂದ ಬರುವ ಗಿರಾಕಿಗಳಿಗೆ ಪ್ಲೈವುಡ್ಡಿನ ಗಟ್ಟಿತನ ತೋರಿಸಬೇಕೆಂದರೆ, ಹಲಗೆಯನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ನಾನೇ ಅದರ ಮೇಲೆ ಜಿಗಿಯುತ್ತಿದ್ದೆ. ಮನೆಯಲ್ಲಿ ಸಿಟ್ಟು ಬಂದರೆ ಅದೇ ಕಾಲಿನಿಂದ ಬಾಗಿಲು ಒದೆಯುತ್ತಿದ್ದೆ. ಎರಡು ಬಾಗಿಲು ಮುರಿದಿದ್ದೆ. ಎರಡನೆಯದು ಮುರಿದಾಗ ಅದರ ಹಿಂದೆ ನಿಂತಿದ್ದ ಹೆಂಡತಿಯ ಹುಬ್ಬು ಸೀಳಿತು.

ಹೊಲಿಗೆ ಬಿಚ್ಚಿಸಿಕೊಂಡ ದಿನ ಅವಳು ನೇರ ಅಂಗಡಿಗೆ ಬಂದಳು.

"ಯಾವ ಹಲಗಿ ಗಟ್ಟಿ ಐತ್ರಿ? ಮನ್ಯಾಗ ಒದ್ದಂಗ ಒದ್ದು ತೋರಸ್ರಿ."

ಗಿರಾಕಿಗಳು ನನ್ನ ಮುಖವನ್ನೇ ನೋಡಿದರು. ನನಗೆ ಮೈಯೆಲ್ಲ ಉರಿಯಿತು. ಪಾಪ್ಲರ್ ಎಂಬ ಹಗುರ ಮರದ ಪ್ಲೈವುಡ್ ಹಲಗೆಯನ್ನು ಚೌಕಟ್ಟಿಗೆ ಬಿಗಿದು ಒದ್ದೆ. ಒಂದೇ ಏಟಿಗೆ ಅದು ಸೀಳಿ, ಕಾಲು ಮೊಣಕಾಲಿನವರೆಗೆ ಆಚೆ ಹೋಯಿತು. ಆಮೇಲೆ ಅಷ್ಟೇ ದಪ್ಪದ ನೀಲಗಿರಿ ಮರದ್ದನ್ನು ಬಿಗಿದೆ. ಒದ್ದೆ, ಮತ್ತೆ ಒದ್ದೆ. ಅದು ಅಲುಗಲಿಲ್ಲ. ಇನ್ನಷ್ಟು ರೊಚ್ಚಿಗೆದ್ದು ಮೂರನೆಯ ಸಲ ಒದ್ದಾಗ ಲಟಕ್ಕೆಂದಿತು. ಮುರಿದದ್ದು ನನ್ನ ಹೆಬ್ಬೆರಳು.

ನಾನು ಕಾಲು ಹಿಡಿದುಕೊಂಡು ನೆಲಕ್ಕೆ ಕೂತೆ. ಅವಳು ಆ ಹಲಗೆಯ ಮೇಲೆ ನಿಧಾನವಾಗಿ ಕೈಯಾಡಿಸಿದಳು.

"ಇದನ್ನ ಅಡಗಿ ಮನಿ ಬಾಗಲಕ್ಕ ಹಾಕ್ರಿ," ಎಂದಳು. "ಚಿಲಕ ಒಳಗಿರಲಿ."