ತೊಗರಿ ಚೀಲ ಮತ್ತು ಪ್ಯಾರಿಬಿಯ ಕಿವಿ

ಪ್ಯಾರಿಬಿಯನ್ನು ಸರಕಿನಂತೆ ಎದುರಿಗಿಟ್ಟು ನೋಡಿದರೆ ಮೊದಲ ನೋಟಕ್ಕೆ ಯಾರೂ ಕೊಳ್ಳುವುದಿಲ್ಲ. ಎತ್ತರ ನನ್ನ ಅಂಗಡಿಯ ಕೌಂಟರಿಗಿಂತ ಒಂದು ಗೇಣು ಹೆಚ್ಚು. ವಯಸ್ಸು ಐವತ್ತೈದು ಎಂದು ಹೇಳುತ್ತಾಳೆ. ನಾಲ್ಕು ವರ್ಷದಿಂದ ಅದನ್ನೇ ಹೇಳುತ್ತಿದ್ದಾಳೆ. ಚಪ್ಪಲಿ ಎರಡು ಸಲ ಹೊಲಿಸಿದ್ದು. ಕನ್ನಡಕದ ಒಂದು ಕಡ್ಡಿ ಮುರಿದಿದೆ, ಅದಕ್ಕೆ ತಾಮ್ರದ ತಂತಿ ಸುತ್ತಿದ್ದಾಳೆ. ಹೆಗಲ ಚೀಲದಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಟೆಸ್ಟರ್, ಎಲೆ ಅಡಿಕೆಯ ಡಬ್ಬಿ, ಒಂದು ಕೆಂಪು ನೇಲ್ ಪಾಲಿಶ್. ಉಗುರಿಗೆ ಬಣ್ಣ ಹಚ್ಚಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಮಾತು ಕಡಿಮೆ, ಚೌಕಾಸಿ ಅದಕ್ಕಿಂತ ಕಡಿಮೆ. ಇಂಥ ಮಾಲನ್ನು ನಾನು ಗೋದಾಮಿನ ಹಿಂದಿನ ಸಾಲಿಗೆ ತಳ್ಳುವವನು. ಆದರೆ ಆಳಂದದ ಬಸ್ ಸ್ಟ್ಯಾಂಡ್ ಹತ್ತಿರದ ನನ್ನ ಅಂಗಡಿಯಿಂದ ಹೋದ ಹೋಮ್ ಥಿಯೇಟರುಗಳು ತಿರುಗಿ ಅಂಗಡಿಗೆ ಬರದಿದ್ದರೆ ಅದಕ್ಕೆ ಕಾರಣ ಈ ಹೆಂಗಸು.

ಆಕೆಯ ಕೆಲಸ ಏನೆಂದು ಹೇಳುತ್ತೇನೆ. ಹೋಮ್ ಥಿಯೇಟರ್ ಎಂದರೆ ಟಿಫಿನ್ ಡಬ್ಬಿಯಷ್ಟು ಚಿಕ್ಕ ಸ್ಪೀಕರುಗಳು ನಾಲ್ಕೈದು, ಜೊತೆಗೆ ದಪ್ಪ ಸದ್ದಿಗೆಂದೇ ಒಂದು ದೊಡ್ಡ ಡಬ್ಬಿ, ಸಬ್‌ವೂಫರ್. ಆ ದೊಡ್ಡ ಡಬ್ಬಿಯ ಬೆನ್ನಿಗೆ ಒಂದು ತಿರುಗಣೆ ಇರುತ್ತದೆ. ನಲವತ್ತರಿಂದ ನೂರೈವತ್ತರವರೆಗೆ ಅಂಕಿ ಬರೆದಿರುತ್ತಾರೆ. ಅದರ ಹೆಸರು ಕ್ರಾಸ್‌ಓವರ್. ಬೇಳೆ ಮಿಲ್ಲಿನ ಜರಡಿ ಇದ್ದಂತೆ ಅದು. ಯಾವ ಸದ್ದು ದೊಡ್ಡ ಡಬ್ಬಿಗೆ, ಯಾವುದು ಚಿಕ್ಕವಕ್ಕೆ ಎಂದು ಬೇರೆ ಮಾಡುತ್ತದೆ. ಜರಡಿ ತಪ್ಪಿದರೆ ಬೇಳೆಯಲ್ಲಿ ನುಚ್ಚು ಸೇರುತ್ತದೆ. ಇದು ತಪ್ಪಿದರೆ ಮನುಷ್ಯರ ಮಾತು ಮೂಲೆಯ ಡಬ್ಬಿಯಿಂದ ಹೊರಳಿಕೊಂಡು ಬರುತ್ತದೆ. ನಮ್ಮ ಗಿರಾಕಿಗಳು ಡಬ್ಬಿ ಒಯ್ದ ದಿನವೇ ಅದನ್ನು ಕೊನೆಯ ಅಂಕಿಯವರೆಗೆ ತಿರುವುತ್ತಾರೆ. ದುಡ್ಡು ಪೂರ್ತಿ ಕೊಟ್ಟಮೇಲೆ ಅರ್ಧ ಯಾಕೆ ತಿರುವಬೇಕು ಎಂಬ ಲೆಕ್ಕ.

ಪ್ಯಾರಿಬಿಯ ಗಂಡ ಮಸೂದ ರೇಡಿಯೋ ರಿಪೇರಿಯವನು. ಸ್ಪೀಕರಿನ ಒಳಗಿನ ತಂತಿಸುರುಳಿ, ಕಾಯಿಲ್, ಸುತ್ತುವ ಕೆಲಸ ಮನೆಗೆ ತಂದು ಹಾಕುತ್ತಿದ್ದ, ಈಕೆ ಹೊಸ್ತಿಲಲ್ಲಿ ಕುಳಿತು ಸುತ್ತುತ್ತಿದ್ದಳು. ಒಂದು ಸುತ್ತು ತಪ್ಪಿದರೆ ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ. ಏಳು ವರ್ಷದ ಹಿಂದೆ ಮಸೂದ ತೀರಿಕೊಂಡ. ರೇಡಿಯೋ ಅವನಿಗಿಂತ ಮೊದಲೇ ತೀರಿಕೊಂಡಿತ್ತು. ಒಂದು ದಿನ ಪ್ಯಾರಿಬಿ ನನ್ನ ಅಂಗಡಿಯ ಮುಂದೆ ನಿಂತು, ಒಳಗೆ ಗಿರಾಕಿಗೆ ಕೇಳಿಸುತ್ತಿದ್ದ ಸೆಟ್ಟನ್ನು ಸ್ವಲ್ಪ ಹೊತ್ತು ಆಲಿಸಿ, "ಸಾವಕಾರ್ರ, ಆ ಡಬ್ಬಿ ಬಾಯಿ ಭಾಳ ದೊಡ್ಡದು ಮಾಡೀರಿ" ಎಂದಳು. ಒಳಗೆ ಬಂದು ತಿರುಗಣೆಯನ್ನು ಬೆರಳಿನಷ್ಟು ಹಿಂದಕ್ಕೆ ತಂದಳು. ಗಿರಾಕಿ ಅದೇ ಸೆಟ್ ಒಯ್ದ. ಅಂದಿನಿಂದ ಆಕೆ ನನ್ನ ಗಿರಾಕಿಗಳ ಮನೆಗೆ ಹೋಗುತ್ತಾಳೆ. ಅಫಜಲಪುರದ ಒಬ್ಬ ಅಂಗಡಿಯವನೂ ಜೇವರ್ಗಿಯ ಇನ್ನೊಬ್ಬನೂ ಕರೆಯತೊಡಗಿದರು. ವಾರದಲ್ಲಿ ಮೂರು ದಿನ ಬಸ್ಸು.

ಆಕೆಯ ಅಳತೆ ಬೇರೆಯೇ. ಫೋನಿನಲ್ಲಿ ಒಂದು ರೆಕಾರ್ಡ್ ಇಟ್ಟುಕೊಂಡಿದ್ದಾಳೆ: ಆಕೆಯೇ ಜೋಳದ ರೊಟ್ಟಿ ಬಡಿದ ಸದ್ದು. ಅದನ್ನು ಸೆಟ್ಟಿನಲ್ಲಿ ಹಾಕಿ, ಪಡಸಾಲೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ ಗಂಡಸರನ್ನು ಬಿಟ್ಟು ಅಡುಗೆ ಮನೆಗೆ ಹೋಗುತ್ತಾಳೆ. ಆ ಮನೆಯ ಹೆಂಗಸನ್ನು ಕರೆತಂದು ಟೀವಿಗೆ ಬೆನ್ನು ಮಾಡಿ ನಿಲ್ಲಿಸಿ ಕೇಳುತ್ತಾಳೆ: "ಅಕ್ಕಾ, ರೊಟ್ಟಿ ಯಾವ ಕಡಿ ಬಡಿಯಾಕತ್ತಾರ?" ಆಕೆ ಟೀವಿಯ ಕಡೆ ಕೈ ಮಾಡಿದರೆ ಸರಿ. ಮೂಲೆಯ ಡಬ್ಬಿಯ ಕಡೆ ಮಾಡಿದರೆ ತಿರುಗಣೆ ಹಿಂದಕ್ಕೆ. ಈ ಸೀಮೆಯ ಹೆಂಗಸರಿಗೆ ರೊಟ್ಟಿ ಬಡಿಯುವ ಸದ್ದಿನ ದಿಕ್ಕು ತಪ್ಪುವುದಿಲ್ಲ. ಸರಿಯಾದ ಜಾಗಕ್ಕೆ ನೇಲ್ ಪಾಲಿಶಿನ ಒಂದು ಚುಕ್ಕಿ ಇಟ್ಟು, "ಇದನ್ನ ಮುಟ್ಟಬ್ಯಾಡ್ರಿ" ಎಂದು ಹೇಳಿ ಬಸ್ಸು ಹಿಡಿಯುತ್ತಾಳೆ.

ಈ ವರ್ಷ ಜನವರಿಯಲ್ಲಿ ಮಟಕಿ ಹಳ್ಳಿಯ ಜಗದೇವನಿಗೆ ನಾನು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಸೆಟ್ ಮಾರಿದೆ. ಪ್ಯಾರಿಬಿ ಹೋಗಿ ಚುಕ್ಕಿ ಇಟ್ಟು ಬಂದಳು. ಜಗದೇವ ಫೋನ್ ಮಾಡಿ ಹೊಗಳಿದ. ಮಾರ್ಚ್ ಕೊನೆಯಲ್ಲಿ ಅದೇ ಜಗದೇವ ಅಂಗಡಿಗೆ ಬಂದವನು ಕುರ್ಚಿಯನ್ನೂ ನೋಡಲಿಲ್ಲ.

"ಕಲ್ಯಾಣಕುಮಾರ ಸಾವಕಾರ್ರ, ನಿಮ್ಮ ಡಬ್ಬಿ ನೀವೇ ಇಟ್ಕೋರಿ."

"ಏನಾತು? ಕೂಡು ಮೊದಲ."

"ಕೂಡೋದಿಲ್ರಿ. ಟೀವಿಯಾಗ ಮಂದಿ ಮಾತಾಡಿದರ ಕೊಡದಾಗ ಮಾರಿ ಇಟ್ಟು ಮಾತಾಡಿದಂಗ ಆಗ್ತದ. ಬರೇ ಗುಂಯ್ ಗುಂಯ್. ಮೊದಲ ಛಂದ ಇತ್ತು."

"ನೀ ಏನಾರ ತಿರುವೀಯೇನು?"

"ಆಕಿ ಮುಟ್ಟಬ್ಯಾಡ ಅಂದಾಳ, ಮುಟ್ಟಿಲ್ಲ. ನಮ್ಮವ್ವನ ಆಣಿ."

ಆ ಹೊತ್ತಿಗೇ ಪ್ಯಾರಿಬಿ ಹೊಸ ವಿಳಾಸ ಕೇಳಲು ಒಳಗೆ ಬಂದಳು. ಅಂಗಡಿಯಲ್ಲಿ ಫ್ಯಾನು, ಮಿಕ್ಸರ್ ಕೊಳ್ಳಲು ಬಂದ ಐದಾರು ಜನ ನಿಂತಿದ್ದರು. ಗಿರಾಕಿ ಸಿಟ್ಟಾದಾಗ ವ್ಯಾಪಾರಿ ಯಾರನ್ನಾದರೂ ಮುಂದೆ ಮಾಡಬೇಕು. ತಿರುಗಿ ಮಾತಾಡದವರನ್ನು ಮಾಡುವುದು ಸುಲಭ. ನಾನು ಮಾಡಿದೆ.

"ಪ್ಯಾರಿಬಿ, ನಿನ್ನ ಕಿವಿ ಹ್ವಾದು ಕಾಣ್ತದ ಬೇ. ವಯಸ್ಸಾತು. ಇನ್ನ ಮನಿಯಾಗ ಕೂಡೋದು ಛಲೋ."

ಫ್ಯಾನಿನವನು ನಕ್ಕ. ಪ್ಯಾರಿಬಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. "ನಾಳಿ ಎಂಟರ ಬಸ್ಸಿಗಿ ಮಟಕಿಗಿ ಹೋಗ್ತೇನಿರಿ" ಎಂದಳು, ಅಷ್ಟೆ. ವಿಳಾಸ ಕೇಳುವುದನ್ನು ಮರೆತು ಹೋದಳು.

ಕಿವಿಯನ್ನೇ ನಂಬಿ ಬದುಕುವವರ ಬಗ್ಗೆ ಇಂಥ ಮಾತು ಬಸ್ಸಿಗಿಂತ ಮೊದಲು ಊರು ತಲುಪುತ್ತದೆ. ಸಂಜೆಗೇ ಅಫಜಲಪುರದ ಅಂಗಡಿಯವನ ಫೋನು. "ಆಕಿಗಿ ಕೇಳಸಂಗಿಲ್ಲಂತಲ್ರಿ? ಗುರುವಾರದ ಕೆಲಸಕ್ಕ ಬ್ಯಾರೆಯವರಿಗಿ ಹೇಳ್ತೇನಿ." ನಾನು "ನೋಡೋಣು" ಎಂದೆ. ಹಾಗಲ್ಲ ಎನ್ನುವುದಕ್ಕೂ ಅಷ್ಟೇ ಉಸಿರು ಸಾಕಾಗುತ್ತಿತ್ತು.

ಮರುದಿನ ನಾನೂ ಮಟಕಿಗೆ ಹೋದೆ. ಆಕೆಗಾಗಿ ಅಲ್ಲ, ಸೆಟ್ ವಾಪಸ್ ಬಂದೀತೆಂದು. ಪ್ಯಾರಿಬಿ ಆಗಲೇ ಡಬ್ಬಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಕೆಂಪು ಚುಕ್ಕಿ ಇದ್ದಲ್ಲೇ ಇತ್ತು, ತಿರುಗಣೆ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಅದನ್ನು ಕಂಡು ಆಕೆಯ ಮುಖ ಇಳಿಯಿತು. ಯಾರಾದರೂ ತಿರುವಿದ್ದರೆ ಬಚಾವಾಗುತ್ತಿದ್ದಳು. ರೊಟ್ಟಿಯ ಸದ್ದು ಹಾಕಿದಳು. ಇಡೀ ಪಡಸಾಲೆ ಗುಡುಗಿತು. ಒಳಗಿನಿಂದ ಜಗದೇವನ ತಾಯಿ ಗುರುಶಾಂತಮ್ಮ ಕೂಗಿ ಕೇಳಿದರು: "ಯಾರ್ ಬೇ ಅದು, ರೊಟ್ಟಿ ಬಡಿಯಾಕತ್ತೀರೋ ಡೊಳ್ಳು ಬಡಿಯಾಕತ್ತೀರೋ?"

ಪ್ಯಾರಿಬಿ ಎದ್ದು ಅಡುಗೆ ಮನೆಗೆ ಹೋದಳು. ಅವರ ಮಾತು ನನಗೆ ಪಡಸಾಲೆಯಲ್ಲಿ ಕೇಳುತ್ತಿತ್ತು.

"ಅಕ್ಕಾ, ನಿಮಗ ಡೊಳ್ಳಿನಂಗ ಕೇಳಿತು. ನನಗೂ ಹಂಗೇ ಕೇಳಿತು. ಅಂದರ ನನ್ನ ಕಿವಿ ಅದಾವ, ಹೌದಲ್ರಿ?"

"ಇಲ್ಲಂತ ಯಾರಂದರು?"

"ಮಂದಿ ಅಂತಾರ." ನನ್ನ ಹೆಸರು ಹೇಳಲಿಲ್ಲ. "ನಿನ್ನಿಯಿಂದ ನನಗೂ ಹಂಗೇ ಅನಸಾಕತ್ತದ. ಮುಂಜಾನಿ ಬಸ್ಸಿನಾಗ ಕಂಡಕ್ಟರ್ ಕರೆದದ್ದು ಎರಡನೇ ಸಲಕ್ಕ ಕೇಳಿತು."

"ಕಂಡಕ್ಟರ್ ಕರೆದದ್ದು ಯಾರಿಗಿ ಒಂದೇ ಸಲಕ್ಕ ಕೇಳಸ್ಯಾದ? ಈ ರೊಟ್ಟಿ ತಿನ್ನು. ನಿಂದೇನೂ ತಪ್ಪಿಲ್ಲ ತಗೋ. ತೊಗರಿ ಹ್ವಾದ ಮ್ಯಾಲ ಈ ಮನಿ ಭಣಭಣ ಅಂತದ. ನಾ ಕೆಮ್ಮಿದರೂ ನಾಕು ಮಂದಿ ಕೆಮ್ಮಿದಂಗ ಆಗ್ತದ."

ಪ್ಯಾರಿಬಿ ಅರ್ಧ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಪಡಸಾಲೆಗೆ ಬಂದಳು. ಸುತ್ತ ನೋಡಿದಳು. ಬರಿಯ ಗೋಡೆ, ಬರಿಯ ಶಹಾಬಾದ ಕಲ್ಲಿನ ನೆಲ. ರೊಟ್ಟಿಯನ್ನು ನನ್ನ ಕೈಗೆ ಕೊಟ್ಟು ಒಂದು ಚಪ್ಪಾಳೆ ತಟ್ಟಿದಳು. ಗೋಡೆಗಳು ತಿರುಗಿ ತಟ್ಟಿದವು.

"ಜಗದೇವಣ್ಣಾ, ಇಲ್ಲಿ ಚೀಲ ಇದ್ದುವಲ್ಲ?"

"ತೊಗರಿ ಚೀಲೇನು? ಇದ್ದು. ಎಂಬತ್ತ ಚೀಲ, ಎರಡೂ ಗ್ವಾಡಿಗಿ ಒಟ್ಟಿದ್ದೆ. ರೇಟ್ ಬಂತು, ಹೋಳಿ ಮುಂದ ಲಾರಿಗಿ ಹಾಕಿ ಕಳಿಸಿದೆ."

"ಸೌಂಡ್ ಕೆಟ್ಟದ್ದು ಯಾವಾಗ?"

ಜಗದೇವ ತಲೆ ಕೆರೆದುಕೊಂಡ. "ಹೋಳಿ ಆದಮ್ಯಾಲ."

"ದಪ್ಪ ಸಪ್ಪಳೆಲ್ಲ ನಿಮ್ಮ ತೊಗರಿ ನುಂಗಾಕತ್ತಿತ್ತು. ಅದಕ್ಕ ನಾ ಅಂಕಿ ಜಾಸ್ತಿ ಇಟ್ಟಿದ್ದೆ. ಈಗ ನುಂಗೋರಿಲ್ಲ, ಗ್ವಾಡಿ ತಿರುಗಿ ಒಗೀತಾವ."

"ಅಲ್ಲ ಆಪಾ, ನಿಮ್ಮ ಡಬ್ಬಿ ಸಲುವಾಗಿ ನಾ ತೊಗರಿ ಮಾರಬಾರದೇನು?"

"ಮಾರ್ರಿ. ತಪ್ಪು ನನ್ನದೇ ಅದ. ಚೀಲ ನೋಡಿದೆ, ಗ್ವಾಡಿ ಅಂತ ತಿಳಕೊಂಡೆ."

ಮನೆಯನ್ನೇ ಉಗ್ರಾಣ ಮಾಡಿಕೊಳ್ಳುವ ಸೀಮೆ ನಮ್ಮದು. ರಾಶಿ ಬಂದಾಗ ಪಡಸಾಲೆ ತುಂಬುತ್ತದೆ, ರೇಟು ಬಂದಾಗ ಖಾಲಿಯಾಗುತ್ತದೆ. ಒಟ್ಟಿದ ಮಾಲು ಒಂದು ದಿನ ಹೋಗುತ್ತದೆ ಎಂಬುದು ನನ್ನಂಥ ವ್ಯಾಪಾರಿಗೇ ಹೊಳೆಯಲಿಲ್ಲ.

ಆಮೇಲೆ ಆಕೆ ಮಾಡಿದ್ದನ್ನು ನೋಡಿ ಜಗದೇವ ಬಾಯಿಗೆ ಕೈ ಇಟ್ಟುಕೊಂಡ. ನಮ್ಮಿಬ್ಬರಿಂದ ಡಬ್ಬಿಯನ್ನು ಎತ್ತಿಸಿ, ಅವನು ದಿನಾ ಕೂಡುವ ಸೋಫಾದ ಮೇಲೆ ಇಡಿಸಿದಳು. ಅದು ಸದ್ದು ಮಾಡುತ್ತಿರುವಾಗ ತಾನು ಗೋಡೆಯ ಗುಂಟ ಮಂಡಿಯೂರಿ, ತಲೆ ತಗ್ಗಿಸಿ, ಮೊಳದಿಂದ ಮೊಳಕ್ಕೆ ಸರಿಯುತ್ತ ಹೋದಳು.

"ಸಾವಕಾರ್ರ, ಡಬ್ಬಿ ಗಾದಿ ಮ್ಯಾಲ ಕೂತದ, ನಾವು ನಿಂತೇವಿ" ಎಂದ ಜಗದೇವ.

"ಡಬ್ಬಿ ಎಲ್ಲಿದ್ದರ ನಿಮಗ ಛಂದ ಕೇಳಸ್ತದ ಅಂತ ಹುಡಕಾಕತ್ತೇನಿ" ಎಂದಳು ಆಕೆ, ನೆಲದಿಂದಲೇ. "ನನಗ ಎಲ್ಲಿ ಛಂದ ಕೇಳಸ್ತದೋ ಅಲ್ಲಿ ಡಬ್ಬಿ ಇಟ್ಟರ, ಗಾದಿ ಮ್ಯಾಲ ಕೂತ ನಿಮಗೂ ಛಂದ ಕೇಳಸ್ತದ. ನೀವು ಸುಮ್ಮ ನಿಂದರ್ರಿ. ಮಾತು ಅಡ್ಡ ಬರ್ತದ."

ಮೂಲೆಯಲ್ಲಿ ಸದ್ದು ಊದಿಕೊಳ್ಳುತ್ತಿತ್ತು. ಟೀವಿಗೂ ಬಾಗಿಲಿಗೂ ನಡುವೆ ಒಂದು ಜಾಗದಲ್ಲಿ ಆಕೆ ನಿಂತಳು. ಡಬ್ಬಿ ಅಲ್ಲಿಗೆ ಬಂತು. ನೂರಿಪ್ಪತ್ತರಲ್ಲಿದ್ದ ತಿರುಗಣೆಯನ್ನು ನೂರಕ್ಕೆ ತಂದಳು, ಕೇಳಿದಳು, ಎಂಬತ್ತಕ್ಕೆ ತಂದಳು. ಗುರುಶಾಂತಮ್ಮನನ್ನು ಕರೆದು ಟೀವಿಗೆ ಬೆನ್ನು ಮಾಡಿ ನಿಲ್ಲಿಸಿದಳು. ರೊಟ್ಟಿ ಯಾವ ಕಡೆ ಎಂದು ಕೇಳುವಾಗ ಆಕೆಯ ದನಿ ಸಣ್ಣದಾಗಿತ್ತು. ಮುದುಕಿ ಅನುಮಾನಿಸದೆ ಟೀವಿಯ ಕಡೆ ಕೈ ಮಾಡಿ, "ಹಿಟ್ಟು ಛಲೋ ನಾದ್ಯಾರ" ಎಂದರು. ಪ್ಯಾರಿಬಿ ಗೋಡೆಗೆ ಒರಗಿ ಕುಳಿತುಬಿಟ್ಟಳು.

ಏಳುವ ಮೊದಲು ಎಲೆ ಅಡಿಕೆಯ ಡಬ್ಬಿ ತೆರೆದು, ಬೆರಳ ತುದಿಗೆ ಸುಣ್ಣ ತೆಗೆದುಕೊಂಡು ಎಂಬತ್ತರ ಹತ್ತಿರ ಒಂದು ಬಿಳಿ ಚುಕ್ಕಿ ಇಟ್ಟಳು. "ತೊಗರಿ ಇದ್ದಾಗ ಕೆಂಪು, ಮಾರಿದ ಮ್ಯಾಲ ಬಿಳಿ. ಇಷ್ಟು ನೀವೇ ತಿರುವ್ರಿ, ನಾ ಬರೋದು ಬ್ಯಾಡ." ಈಗ ಪ್ರತಿ ಮನೆಯಲ್ಲೂ ಆಕೆ ಮೊದಲು ಕೇಳುವುದು ಚೀಲಗಳನ್ನು ಎಂದು ಮಾರುತ್ತೀರಿ ಎಂದು. ಹೊಸಬರು ಆಕೆಯನ್ನು ದಲ್ಲಾಳಿ ಎಂದು ತಿಳಿದು ರೇಟು ಕೇಳುತ್ತಾರಂತೆ.

ಜಗದೇವ ಸೆಟ್ ಇಟ್ಟುಕೊಂಡ. ಅಫಜಲಪುರದವನಿಗೆ ನಾನು ಫೋನ್ ಮಾಡಿ "ಮಾಲು ಸರಿ ಅದ" ಎಂದೆ. ನನ್ನ ಮಾಲಿನ ಮಾತಷ್ಟೇ ಆಡಿ ಇಟ್ಟೆ. ಗುರುವಾರಗಳು ಆಕೆಗೆ ಇನ್ನೂ ತಿರುಗಿ ಬಂದಿಲ್ಲ. ಪ್ಯಾರಿಬಿ ಮಾತ್ರ ಎಂದಿನಂತೆ ಬರುತ್ತಾಳೆ, ವಿಳಾಸ ಬರೆದುಕೊಳ್ಳುತ್ತಾಳೆ, ನಾನು ಚಹಾ ತರಿಸುತ್ತೇನೆ, ಕುಡಿದು ಹೋಗುತ್ತಾಳೆ. ಅಂದಿನ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಆಕೆಯ ಕಿವಿ ಸರಿಯಾಗಿವೆ, ತಪ್ಪು ಮಾತಾಡಿದವನು ನಾನು. ಇದನ್ನು ನಾನು ಅಫಜಲಪುರದವನಿಗೆ ಹೇಳಬೇಕು, ಅಂದು ನನ್ನ ಅಂಗಡಿಯಲ್ಲಿ ನಿಂತಿದ್ದವರಿಗೆ ಹೇಳಬೇಕು, ಪ್ಯಾರಿಬಿಗೂ ಹೇಳಬೇಕು. ನಾನು ಆಕೆಗೆ ಕೊಡಬೇಕಾದದ್ದು ಇದು.